ಮೀಟರಿನ ಮುಳ್ಳು ನಂಬಿ ಪಂಪ್ ಬಿಚ್ಚಬೇಡಿ

ಕಡಲೆ ರಾಶಿಯ ಹೊತ್ತಿಗೆ ನವಲಗುಂದ, ಅಣ್ಣಿಗೇರಿ ಕಡೆ ಹಳೆಯ ಟ್ರ್ಯಾಕ್ಟರ್ ಇದ್ದವರ ಮನೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಎಷ್ಟ್ ರೇಸ್ ಕೊಟ್ರೂ ಮುಳ್ಳು ಏಳವಲ್ದು, ಪಂಪ್ ಹೋಗೈತಿ." ಡೀಸೆಲ್ ಪಂಪ್ ಬಿಚ್ಚಿಸಿಕೊಂಡು ಹುಬ್ಬಳ್ಳಿಗೆ ಹೋಗುತ್ತದೆ. ಸಾವಿರಾರು ರೂಪಾಯಿ ಖರ್ಚಾಗಿ ವಾಪಸ್ ಬರುತ್ತದೆ. ಮುಳ್ಳು ಮಾತ್ರ ಇದ್ದಲ್ಲೇ ಇರುತ್ತದೆ. ಹೀಗಾದಾಗ ಸಾಮಾನ್ಯವಾಗಿ ಕೆಟ್ಟಿರುವುದು ಎಂಜಿನ್ ಸುತ್ತು ತೋರಿಸುವ ಆರ್‌ಪಿಎಂ ಮೀಟರ್ ಇಲ್ಲವೇ ಅದರ ಕೇಬಲ್. ಇಷ್ಟು ಸರಳ ಸಂಗತಿ ತಿಳಿಯದೆ ರೈತರು ಹಣ ಕಳೆದುಕೊಳ್ಳುವುದನ್ನು ನೋಡಿದರೆ ಸಿಟ್ಟು ಬರುತ್ತದೆ.

ಹಳೆಯ ಟ್ರ್ಯಾಕ್ಟರಿನ ಮೀಟರಿಗೆ ಎಂಜಿನ್ನಿಂದ ಒಂದು ತಿರುಗುವ ಕೇಬಲ್ ಬರುತ್ತದೆ. ಅದರ ತುದಿಯಲ್ಲಿ ಅಯಸ್ಕಾಂತ, ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಅಯಸ್ಕಾಂತ ಸುತ್ತಿದಾಗ ಬಟ್ಟಲಿನಲ್ಲಿ ವಿದ್ಯುತ್ ಸುಳಿಗಳೆದ್ದು ಅದನ್ನೂ ಎಳೆಯುತ್ತವೆ. ಕೂದಲೆಳೆಯಂಥ ಸ್ಪ್ರಿಂಗ್ ಹಿಂದಕ್ಕೆ ಜಗ್ಗುತ್ತದೆ. ಈ ಜಗ್ಗಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ವರ್ಷಗಳು ಕಳೆದಂತೆ ಅಯಸ್ಕಾಂತದ ಬಲ ಕುಂದಿದರೆ ಮುಳ್ಳು ಕಡಿಮೆ ತೋರಿಸುತ್ತದೆ, ಸ್ಪ್ರಿಂಗ್ ಸಡಿಲಾದರೆ ಹೆಚ್ಚು ತೋರಿಸುತ್ತದೆ. ಕೇಬಲ್ ಒಣಗಿದ್ದರೆ ಅಥವಾ ಮಡಚಿದ್ದರೆ ಮುಳ್ಳು ಕುಣಿಯುತ್ತದೆ. ಬೇರೆ ಮಾದರಿಯ ಮೀಟರ್ ತಂದು ಕೂಡಿಸಿದರಂತೂ ಸುತ್ತಿನ ಲೆಕ್ಕವೇ ಹೊಂದದಿರಬಹುದು. ಇದರಲ್ಲಿ ಪಂಪಿನ ತಪ್ಪೇನಿದೆ?

ಹಣ ಹೋಗುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮುಳ್ಳು ಏಳಲಿಲ್ಲವೆಂದು ಕೆಲವರು ಪಂಪಿನ ಸೀಲ್ ಒಡೆದು ಸ್ಕ್ರೂ ತಿರುಗಿಸಿ ವೇಗ ಏರಿಸುತ್ತಾರೆ. ಎಂಜಿನ್ ಮೊದಲೇ ಸರಿಯಾದ ವೇಗದಲ್ಲಿದ್ದರೆ ಈಗ ಮಿತಿ ಮೀರುತ್ತದೆ. ರಾಶಿ ಮಷಿನ್ ತಿರುಗಿಸುವ ಪಿಟಿಓ ಶಾಫ್ಟ್ ನಿಮಿಷಕ್ಕೆ 540 ಸುತ್ತು ದಾಟುತ್ತದೆ, ರಾಶಿ ಮಷಿನ್ನಿನ ಡ್ರಮ್ ಅತಿ ವೇಗದಲ್ಲಿ ತಿರುಗಿ ಕಡಲೆ ಒಡೆಯುತ್ತದೆ. ಒಡೆದ ಕಾಳಿಗೆ ಮಾರುಕಟ್ಟೆಯಲ್ಲಿ ದರ ಬೀಳುತ್ತದೆ.

ಪರೀಕ್ಷೆ ಸುಲಭ. ಒಂದೆರಡು ಸಾವಿರ ರೂಪಾಯಿಗೆ ಕೈಯಲ್ಲಿ ಹಿಡಿಯುವ ಡಿಜಿಟಲ್ ಟ್ಯಾಕೋಮೀಟರ್ ಸಿಗುತ್ತದೆ. ಎಂಜಿನ್ ಬಂದ್ ಮಾಡಿ ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಪಟ್ಟಿಯ ತುಂಡು ಅಂಟಿಸಿ. ಆಮೇಲೆ ಚಾಲೂ ಮಾಡಿ, ಧೋತರದ ಚುಂಗು, ಟವೆಲ್ ದೂರ ಇಟ್ಟುಕೊಂಡು ಬೆಳಕು ಬಿಡಿ. ನಿಜವಾದ ಸುತ್ತು ಪರದೆಯ ಮೇಲೆ ಬರುತ್ತದೆ. ಅದು ಮುಳ್ಳಿಗೆ ಹೊಂದದಿದ್ದರೆ ಮೊದಲು ಕೇಬಲ್ ನೋಡಿ, ಆಮೇಲೆ ಮೀಟರ್. ಕೈ ಟ್ಯಾಕೋಮೀಟರೂ ಕಡಿಮೆ ತೋರಿಸಿದರೆ ಆಗ ಪಂಪಿನ ಮಾತು.

ಇದು ಟ್ರ್ಯಾಕ್ಟರಿನ ಕಥೆಯಷ್ಟೇ ಅಲ್ಲ. 1960ರ ದಶಕದ ಉತ್ತರಾರ್ಧದ ಎಂಜಿಬಿಯಂಥ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಸ್ಮಿತ್ಸ್ ಕಂಪನಿಯ ಮೀಟರುಗಳು ಇಗ್ನಿಷನ್ ಕಾಯಿಲ್‌ಗೆ ಹರಿಯುವ ವಿದ್ಯುತ್ತಿನಿಂದ ಸುತ್ತು ಲೆಕ್ಕ ಹಾಕುತ್ತಿದ್ದವು. ಅಂಥ ಕಾರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದರೆ ಎಷ್ಟೋ ಸಲ ಮುಳ್ಳು ತಪ್ಪು ಹೇಳುತ್ತದೆ.

ಟ್ರ್ಯಾಕ್ಟರ್ ಮೀಟರಿನಲ್ಲಿ ಓಡಿದ ತಾಸಿನ ಎಣಿಕೆಯೂ ಇರುತ್ತದೆ, ಅದರ ಬಗ್ಗೆ ಇನ್ನೂ ಕೆಲವು ನಂಬಿಕೆಗಳಿವೆ. "ಮೀಟರಿನ ತಾಸು ಅಂದರೆ ಗಡಿಯಾರದ ತಾಸು" ಎನ್ನುತ್ತಾರೆ. ಕೇಬಲ್ ಮೀಟರ್ ಎಂಜಿನ್ ಸುತ್ತನ್ನು ಎಣಿಸುತ್ತದೆ, 1500 ಆರ್‌ಪಿಎಂಗೆ ಹೊಂದಿಸಿದ್ದನ್ನು 1000ದಲ್ಲಿ ಒಂದು ತಾಸು ಓಡಿಸಿದರೆ 40 ನಿಮಿಷವಷ್ಟೇ ಏರುತ್ತದೆ. "ತಾಸು ಕಡಿಮೆ ಇದ್ದರೆ ಟ್ರ್ಯಾಕ್ಟರ್ ಕಡಿಮೆ ದುಡಿದಿದೆ" ಎನ್ನುತ್ತಾರೆ. ಕೇಬಲ್ ತುಂಡಾದ ದಿನವೇ ಎಣಿಕೆ ನಿಲ್ಲುತ್ತದೆ, ಉಳುಮೆ ನಿಲ್ಲುವುದಿಲ್ಲ. ಅದೇ ಡಯಲ್ಲಿನಲ್ಲಿ ಬರೆದ ಕಿಲೋಮೀಟರ್ ವೇಗ ಟಾಪ್ ಗೇರಿಗೆ, ಕಂಪನಿ ಕೊಟ್ಟ ಅಳತೆಯ ಟೈರಿಗೆ ಮಾತ್ರ.

ಗಾಜಿನ ಹಿಂದೆ ಒಂದು ಅಂಕಿ ಕಂಡರೆ ಸಾಕು, ನಾವು ಪ್ರಶ್ನೆ ಕೇಳುವುದನ್ನೇ ಬಿಡುತ್ತೇವೆ. ಕಾಳು ತೂಗುವ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಟ್ರ್ಯಾಕ್ಟರ್ ಮೀಟರನ್ನು ಮಾರಿದ ಮೇಲೆ ಯಾರೂ ಪರೀಕ್ಷಿಸುವುದಿಲ್ಲ. ಆದರೂ ಅದನ್ನು ನೋಡಿ ಬಾಡಿಗೆ ಎಣಿಸುತ್ತೇವೆ, ಹಳೆಯ ಗಾಡಿಗೆ ಲಕ್ಷಗಟ್ಟಲೆ ಕೊಡುತ್ತೇವೆ. ಬಾಡಿಗೆ ಮಾತಾಡುವಾಗ ಗಡಿಯಾರದ ತಾಸೋ ಮೀಟರಿನ ತಾಸೋ ಎಂಬುದನ್ನು ಮೊದಲೇ ಹೇಳಿಕೊಳ್ಳಿ. ಊರಿಗೊಂದು ಕೈ ಟ್ಯಾಕೋಮೀಟರ್ ಕೊಂಡಿಡಿ. ಅದರಲ್ಲಿ ಅಳೆಯುವ ತನಕ ಯಾರಿಗೂ ಪಂಪ್ ಬಿಚ್ಚಲು ಬಿಡಬೇಡಿ.