ಜಾಲದಾಚೆಯ ಉಗ್ರಾಣ

ಗಣಕಯಂತ್ರಕ್ಕೆ ಎರಡು ಬಗೆಯ ನೆನಪುಗಳಿವೆ. ಒಂದು, ವಿದ್ಯುತ್ತು ಹರಿಯುತ್ತಿರುವಷ್ಟು ಹೊತ್ತು ಮಾತ್ರ ನಿಲ್ಲುವ ಕ್ಷಣಿಕವಾದ ನೆನಪು. ಇನ್ನೊಂದು, ಯಂತ್ರವನ್ನು ನಿಲ್ಲಿಸಿದ ಮೇಲೂ ಅಳಿಯದೆ ಉಳಿಯುವ ಬರಹ. ಈ ಎರಡನೆಯದನ್ನು ಹೊತ್ತಿರುವ ಸಾಧನಕ್ಕೆ ಡಿಸ್ಕ್ ಎಂದು ಹೆಸರು. ಸಾಮಾನ್ಯವಾಗಿ ಅದು ಯಂತ್ರದ ಹೊಟ್ಟೆಯೊಳಗೇ ಇರುತ್ತದೆ. ಆದರೆ ಒಳಗೇ ಇರಬೇಕೆಂಬ ನಿಯಮವೇನೂ ಇಲ್ಲ. ಪಕ್ಕದ ಕೋಣೆಯಲ್ಲಿಯೋ ಬೇರೊಂದು ಕಟ್ಟಡದಲ್ಲಿಯೋ ಇರುವ ಡಿಸ್ಕನ್ನು ಜಾಲದ ಮೂಲಕ ಜೋಡಿಸಿಕೊಂಡು, ತನ್ನದೇ ಎಂಬಂತೆ ಗಣಕಯಂತ್ರವು ಬಳಸಬಲ್ಲುದು. ಇದು ಹೇಗೆ ಸಾಧ್ಯ, ಎಚ್ಚರ ವಹಿಸಬೇಕಾದುದು ಎಲ್ಲಿ ಎಂಬುದನ್ನು ಇಂದು ವಿವರಿಸಲು ಯತ್ನಿಸುತ್ತೇನೆ.

ಮೊದಲು ಡಿಸ್ಕಿನ ಸ್ವಭಾವವನ್ನು ಅರಿಯೋಣ. ಡಿಸ್ಕಿನಲ್ಲಿ ಪತ್ರಗಳಿವೆ, ಚಿತ್ರಗಳಿವೆ, ಲೆಕ್ಕಗಳಿವೆ ಎನ್ನುತ್ತೇವೆ. ಡಿಸ್ಕಿಗೆ ಇವಾವುವೂ ತಿಳಿಯವು. ಅದಕ್ಕೆ ತಿಳಿದಿರುವುದು ಒಂದೇ ಗಾತ್ರದ, ಸಂಖ್ಯೆ ಹಾಕಿದ ಖಾನೆಗಳು ಮಾತ್ರ. ಇವನ್ನು ಬ್ಲಾಕುಗಳೆಂದು ಕರೆಯುತ್ತಾರೆ. ಬಹುಕಾಲದವರೆಗೆ ಒಂದು ಬ್ಲಾಕಿನ ಅಳತೆ 512 ಬೈಟುಗಳು. ಈಚಿನ ಡಿಸ್ಕುಗಳಲ್ಲಿ 4096 ಬೈಟುಗಳ ಬ್ಲಾಕುಗಳೂ ಇವೆ. ಇಂದು ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ 3 ಬೈಟುಗಳು ಬೇಕು. ಆದುದರಿಂದ 512 ಬೈಟುಗಳ ಖಾನೆಯಲ್ಲಿ ಕನ್ನಡದ 170 ಚಿಹ್ನೆಗಳು ಹಿಡಿಸುತ್ತವೆ. ದೀರ್ಘವಾದ ಬರಹವೊಂದು ಹೀಗೆ ನೂರಾರು ಖಾನೆಗಳಲ್ಲಿ ಚದುರಿ ಕುಳಿತಿರಬಹುದು. ಯಾವ ಖಾನೆಗಳನ್ನು ಯಾವ ಕ್ರಮದಲ್ಲಿ ಓದಿದರೆ ಅದು ಮತ್ತೆ ಬರಹವಾಗುತ್ತದೆ, ಯಾವ ಖಾನೆಗಳು ಇನ್ನೂ ಖಾಲಿ ಇವೆ ಎಂಬ ಪಟ್ಟಿಯೂ ಡಿಸ್ಕಿನಲ್ಲಿಯೇ ಇರುತ್ತದೆ. ಆದರೆ ಆ ಪಟ್ಟಿಯನ್ನು ಬರೆಯುವುದು, ಓದಿ ಅರ್ಥಮಾಡಿಕೊಳ್ಳುವುದು ಗಣಕಯಂತ್ರದ ಕೆಲಸ. ಈ ಏರ್ಪಾಡಿಗೆ ಕಡತವ್ಯವಸ್ಥೆ ಎಂದು ಹೆಸರು.

ಜಾಲದ ಮೂಲಕ ಸಂಗ್ರಹವನ್ನು ಪಡೆಯಲು ಎರಡು ದಾರಿಗಳಿವೆ. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984ರಲ್ಲಿ ಹೊರತಂದ ಎನ್‌ಎಫ್‌ಎಸ್ ಎಂಬ ವಿಧಾನದಲ್ಲಿ, ನಮ್ಮ ಯಂತ್ರವು ದೂರದ ಯಂತ್ರವನ್ನು ‘ಇಂಥ ಹೆಸರಿನ ಕಡತವನ್ನು ಕೊಡು’ ಎಂದು ಕೇಳುತ್ತದೆ. ಹೆಸರು, ಪಟ್ಟಿ, ಕ್ರಮ ಎಲ್ಲವೂ ದೂರದ ಯಂತ್ರದ ಹೊಣೆ. ಎರಡನೆಯ ದಾರಿಯಲ್ಲಿ ನಮ್ಮ ಯಂತ್ರವು ‘5000ನೆಯ ಖಾನೆಯನ್ನು ಕೊಡು’ ಎನ್ನುತ್ತದೆ. ದೂರದ ಉಗ್ರಾಣವು ಕೊಡುತ್ತದೆ. ಅದರಲ್ಲಿ ಏನಿದೆಯೆಂದು ವಿಚಾರಿಸುವುದಿಲ್ಲ. ನಾನು ಹೇಳಹೊರಟಿರುವುದು ಈ ಎರಡನೆಯ ದಾರಿಯನ್ನು.

ಇದರ ಹುಟ್ಟು ಸರಳವಾದುದು. ಡಿಸ್ಕಿಗೆ ಅಪ್ಪಣೆ ಕೊಡುವ ಭಾಷೆಯೊಂದು ಸ್ಕಸಿ ಎಂಬ ಹೆಸರಿನಲ್ಲಿ 1986ರಲ್ಲಿ ಅಮೆರಿಕದ ಮಾನಕವಾಯಿತು. ಆಗ ಅಪ್ಪಣೆಗಳು ಹರಿಯುತ್ತಿದ್ದುದು ದಪ್ಪನೆಯ ತಂತಿಯ ಕಟ್ಟಿನಲ್ಲಿ. ಸಾಮಾನ್ಯ ಬಗೆಯ ಕಟ್ಟಿನ ಉದ್ದ 6 ಮೀಟರನ್ನು ಮೀರುವಂತಿರಲಿಲ್ಲ. ಮುಂದೆ ತಂತ್ರಜ್ಞರು ಆ ಭಾಷೆಯನ್ನು ಬದಲಿಸದೆ, ಅದೇ ಅಪ್ಪಣೆಗಳನ್ನು ಅಂತರಜಾಲದ ಟಿಸಿಪಿ ಎಂಬ ಲಕೋಟೆಯೊಳಗಿಟ್ಟು ಕಳುಹಿಸುವ ಉಪಾಯವನ್ನು ಕಂಡುಕೊಂಡರು. ಇದೇ ಐ-ಸ್ಕಸಿ. ಇದರ ನಿಯಮಗಳು 2004ರ ಏಪ್ರಿಲ್‌ನಲ್ಲಿ ಪ್ರಕಟವಾಗಿ, 2014ರಲ್ಲಿ ಪರಿಷ್ಕಾರಗೊಂಡವು. 6 ಮೀಟರಿನ ಕಟ್ಟು ಹೀಗೆ ಕಳಚಿತು.

ಜೋಡಿಸುವ ಕ್ರಮ ಹೀಗಿದೆ. ಕೇಳುವ ಯಂತ್ರಕ್ಕೆ ಇನಿಶಿಯೇಟರ್ ಎಂದೂ, ಕೊಡುವ ಉಗ್ರಾಣಕ್ಕೆ ಟಾರ್ಗೆಟ್ ಎಂದೂ ಹೆಸರು. ಎರಡಕ್ಕೂ ಜಗತ್ತಿನಲ್ಲಿ ಬೇರಾವುದಕ್ಕೂ ಇರದಂಥ ಒಂದು ನಾಮಧೇಯವಿರಬೇಕು. ಅದರಲ್ಲಿ ಸಂಸ್ಥೆಯ ಜಾಲನಾಮದ ಜೊತೆಗೆ ವರ್ಷ, ತಿಂಗಳುಗಳೂ ಸೇರಿರುತ್ತವೆ. ಜಾಲನಾಮವು ನಾಳೆ ಬೇರೊಬ್ಬರ ಪಾಲಾದರೂ ಹೆಸರು ಗೊಂದಲವಾಗಬಾರದೆಂಬುದೇ ಇದರ ಉದ್ದೇಶ. ಉಗ್ರಾಣದ ಕಡೆಯಲ್ಲಿ, ಯಾವ ಹೆಸರಿನ ಯಂತ್ರಕ್ಕೆ ಯಾವ ಡಿಸ್ಕನ್ನು ಕೊಡಬಹುದೆಂಬ ಪಟ್ಟಿಯನ್ನು ಮೊದಲೇ ಬರೆದಿಡಬೇಕು. ಅನಂತರ ನಮ್ಮ ಯಂತ್ರವು ಉಗ್ರಾಣದ ವಿಳಾಸಕ್ಕೆ, ರೂಢಿಯಂತೆ 3260ನೆಯ ಬಾಗಿಲಿಗೆ ಹೋಗಿ, ‘ನಿಮ್ಮಲ್ಲಿ ಏನೇನಿದೆ’ ಎಂದು ಕೇಳುತ್ತದೆ. ಉತ್ತರ ಬಂದ ಮೇಲೆ ಗುರುತು ಹೇಳಿ ಒಳಗೆ ಪ್ರವೇಶಿಸುತ್ತದೆ. ಮರುಕ್ಷಣವೇ ಹೊಸ ಡಿಸ್ಕೊಂದು ಕಾಣಿಸಿಕೊಳ್ಳುತ್ತದೆ. ಡಿಸ್ಕು ಹೊಸದಾಗಿದ್ದರೆ, ಮತ್ತು ಹೊಸದಾಗಿದ್ದರೆ ಮಾತ್ರ, ಅದರ ಮೇಲೆ ಕಡತವ್ಯವಸ್ಥೆಯನ್ನು ಹೂಡಬೇಕು. ಹಳೆಯ ಬರಹವಿರುವ ಡಿಸ್ಕಿನ ಮೇಲೆ ಹೂಡಿದರೆ ಹಳೆಯ ಪಟ್ಟಿ ಅಳಿಯುತ್ತದೆ. ಬರಹವು ಖಾನೆಗಳಲ್ಲಿದ್ದರೂ ದಾರಿ ಕಾಣದಾಗುತ್ತದೆ.

ಇಲ್ಲಿಯವರೆಗೆ ಎಲ್ಲವೂ ಸುಗಮವೇ. ತೊಡಕು ಹುಟ್ಟುವುದು, ಒಂದೇ ಡಿಸ್ಕನ್ನು ಎರಡು ಯಂತ್ರಗಳಿಗೆ ಜೋಡಿಸಿದಾಗ. ಜಾಲವೇನೂ ಇದನ್ನು ತಡೆಯದು. ಸಹಕಾರ ಸಂಘವೊಂದರ ಲೆಕ್ಕಪತ್ರ ಆ ಡಿಸ್ಕಿನಲ್ಲಿದೆಯೆಂದು ಭಾವಿಸಿ. ಸಾಧಾರಣ ಕಡತವ್ಯವಸ್ಥೆಯು ಡಿಸ್ಕು ತನ್ನೊಬ್ಬನದೇ ಎಂದು ನಂಬಿ, ಖಾಲಿ ಖಾನೆಗಳ ಪಟ್ಟಿಯ ಪ್ರತಿಯೊಂದನ್ನು ತನ್ನ ಕ್ಷಣಿಕ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಮೊದಲನೆಯ ಯಂತ್ರವು 5000ನೆಯ ಖಾನೆಯಲ್ಲಿ ಸದಸ್ಯನೊಬ್ಬನ ಠೇವಣಿಯನ್ನು ಬರೆಯುತ್ತದೆ. ಎರಡನೆಯದಕ್ಕೆ ಈ ಸುದ್ದಿ ಗೊತ್ತಿಲ್ಲ. ಅದರ ಪಟ್ಟಿಯಲ್ಲಿ ಆ ಖಾನೆ ಇನ್ನೂ ಖಾಲಿ. ಅದು ಅಲ್ಲಿಯೇ ಬೇರೇನನ್ನೋ ಬರೆಯುತ್ತದೆ. ಪರಸ್ಪರ ಮಾತಿಲ್ಲದ ಇಬ್ಬರು ಶಾನುಭೋಗರು ಒಂದೇ ಲೆಕ್ಕದ ಪುಸ್ತಕದಲ್ಲಿ ತಮ್ಮ ತಮ್ಮ ನೆನಪಿನ ಆಧಾರದ ಮೇಲೆ ಬರೆದಂತೆ ಇದು. ಉಗ್ರಾಣವು ಇಬ್ಬರ ಅಪ್ಪಣೆಯನ್ನೂ ನಿಷ್ಠೆಯಿಂದ ನೆರವೇರಿಸಿರುತ್ತದೆ. ಆ ಕ್ಷಣದಲ್ಲಿ ಯಾರಿಗೂ ತಪ್ಪಿನ ಸೂಚನೆ ಬಾರದು. ಠೇವಣಿ ಕಾಣೆಯಾದುದು ತಿಳಿಯುವುದು, ಅದರ ಒಡೆಯ ಬಂದು ಕೇಳಿದ ದಿನ.

ಹಲವು ಯಂತ್ರಗಳು ಒಂದೇ ಡಿಸ್ಕನ್ನು ಬಳಸಲೇಬೇಕಾದರೆ ಜಿಎಫ್‌ಎಸ್-2, ಓಸಿಎಫ್‌ಎಸ್-2 ಮೊದಲಾದ ವಿಶೇಷ ಕಡತವ್ಯವಸ್ಥೆಗಳಿವೆ. ಅವುಗಳಲ್ಲಿ ಬರೆಯುವ ಮೊದಲು ಯಂತ್ರಗಳು ಪರಸ್ಪರ ಅನುಮತಿ ಪಡೆಯುತ್ತವೆ. ಕಡತಗಳನ್ನು ಹಂಚಿಕೊಳ್ಳುವುದಷ್ಟೇ ಗುರಿಯಾದರೆ ಮೊದಲು ಹೇಳಿದ ಎನ್‌ಎಫ್‌ಎಸ್ ದಾರಿಯೇ ಲೇಸು.

ಇನ್ನೊಂದು ಮಾತು. ಒಳಗಿನ ಡಿಸ್ಕಿಗೂ ಹೊರಗಿನ ಡಿಸ್ಕಿಗೂ ನಡುವೆ ದಾರಿಯೆಂಬುದೊಂದಿದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಉಗ್ರಾಣವು 1000 ಕಿಲೋಮೀಟರ್ ದೂರವಿದ್ದರೆ ಹೋಗಿಬರುವುದಕ್ಕೇ ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ಸಾವಿರಾರು ಖಾನೆಗಳನ್ನು ಒಂದಾದ ಮೇಲೊಂದರಂತೆ ಕೇಳುವಾಗ ಇದು ಸಣ್ಣ ಹೊತ್ತಲ್ಲ. ಆದುದರಿಂದ ಉಗ್ರಾಣ ಸಮೀಪದಲ್ಲಿರುವುದೇ ಯೋಗ್ಯ. ದಾರಿ ನಡುವೆ ಕಡಿಯಲೂಬಹುದು. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯ ಏರ್ಪಾಡಿನಂತೆ 120 ಸೆಕೆಂಡುಗಳ ಕಾಲ ಕಾದು, ಆಮೇಲೆ ಡಿಸ್ಕು ಕೈಕೊಟ್ಟಿತೆಂದು ತೀರ್ಮಾನಿಸುತ್ತಾರೆ. ದಾರಿಯಲ್ಲಿ ಕಳ್ಳಗಣ್ಣುಗಳೂ ಇರಬಹುದು. ಚಾಪ್ ಎಂಬ ಗುರುತುಪರೀಕ್ಷೆಯು ಬಂದವರಾರೆಂದು ವಿಚಾರಿಸುತ್ತದೆಯೇ ಹೊರತು ಸಾಗುತ್ತಿರುವ ಬರಹವನ್ನು ಮರೆಮಾಡುವುದಿಲ್ಲ. ಈ ಕಾರಣದಿಂದ ಉಗ್ರಾಣದ ಜಾಲವನ್ನು ಸಾರ್ವಜನಿಕ ಜಾಲದಿಂದ ಬೇರ್ಪಡಿಸುವುದು ವಿವೇಕ.

ದೂರದ ಡಿಸ್ಕು ತನ್ನದೇ ಎಂದು ನಂಬುವುದರಿಂದಲೇ ಗಣಕಯಂತ್ರಕ್ಕೆ ಈ ಸೌಕರ್ಯ ದೊರೆತಿದೆ. ಆ ನಂಬಿಕೆ ನಿಜವಾಗಿ ಉಳಿಯುವಂತೆ ನೋಡಿಕೊಳ್ಳುವುದು ಯಂತ್ರದ ಕೆಲಸವಲ್ಲ, ಉಗ್ರಾಣವಾಗಲಿ ಜಾಲವಾಗಲಿ ಮಾಡುವ ಕೆಲಸವೂ ಅಲ್ಲ. ಯಾರಿಗೆ ಯಾವ ಡಿಸ್ಕು ಎಂದು ಪಟ್ಟಿ ಬರೆಯುವ ಮನುಷ್ಯನ ಕೆಲಸ ಅದು. ಆ ಪಟ್ಟಿಯನ್ನು ಎರಡು ಸಲ ಓದಿ, ಮತ್ತೆ ಬರಹದ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟು, ಆಮೇಲೆ ಜೋಡಿಸುವುದು ಒಳ್ಳೆಯದು.