ವಾರಂಟಿ ಪತ್ರದ ಎಲ್ಲೆ: ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಕುರಿತು ಒಂದು ವಿವೇಚನೆ

ದಾನಶಾಸನವೊಂದನ್ನು ಓದಲು ಕುಳಿತ ಚರಿತ್ರೆಯ ವಿದ್ಯಾರ್ಥಿಯು ಕೇಳತಕ್ಕ ಪ್ರಶ್ನೆಗಳು ನಾಲ್ಕಾರು: ಕೊಟ್ಟವರಾರು, ಪಡೆದವರಾರು, ಎಂದಿನಿಂದ, ಯಾವ ಎಲ್ಲೆಯವರೆಗೆ, ಸಾಕ್ಷಿಗಳಾರು? ದಾನಿಯ ಹಿರಿಮೆಯನ್ನು ಹೊಗಳುವ ಪದ್ಯಗಳಿಗಿಂತ, ಮೂಡಲಿಗೆ ಹಳ್ಳ, ತೆಂಕಲಿಗೆ ಹುತ್ತ ಎಂದು ಗಡಿಯನ್ನು ಗುರುತಿಸುವ ಒಣ ಸಾಲುಗಳಲ್ಲಿಯೇ ದಾನದ ತಿರುಳು ಇರುತ್ತದೆ. ವಿದ್ಯುತ್ ಸ್ಕೂಟರಿನ ಬ್ಯಾಟರಿಗೆ ತಯಾರಕರು ಕೊಡುವ ವಾರಂಟಿ ಪತ್ರವನ್ನೂ ಹೀಗೆಯೇ ಓದಬೇಕೆಂಬುದು ಈ ಲೇಖಕನಿಗೆ ತಡವಾಗಿ ತಿಳಿಯಿತು. ರಸಾಯನಶಾಸ್ತ್ರವಾಗಲಿ ನ್ಯಾಯಶಾಸ್ತ್ರವಾಗಲಿ ನನ್ನ ವ್ಯಾಸಂಗದ ವಿಷಯವಲ್ಲ. ಆದರೆ ಇಂಥ ವಿವಾದಗಳು ಕಡೆಗೆ ಬಂದು ನಿಲ್ಲುವುದು ದಾಖಲೆಯ ಬಳಿಯಾದುದರಿಂದ, ಚರಿತ್ರೆಯವರಿಗೂ ಇಲ್ಲಿ ಎರಡು ಮಾತಿಗೆ ಅವಕಾಶವುಂಟು.

ಸಂಗತಿ ಇಷ್ಟು. ಮಳೆಗಾಲದ ಒಂದು ರಾತ್ರಿ ಮನೆಯ ನೆಲಮಾಳಿಗೆಯಲ್ಲಿ ನೀರು ನಿಂತು ನನ್ನ ಸ್ಕೂಟರು ಮೊಣಕಾಲುದ್ದ ಮುಳುಗಿತು. ಮರುದಿನ ಅದು ಚಾಲೂ ಆಗಲಿಲ್ಲ. ಸರ್ವಿಸ್ ಕೇಂದ್ರದವರು ‘ಹೊರಗಿನಿಂದ ನೀರು ಹೊಕ್ಕಿದೆ, ವಾರಂಟಿ ಅನ್ವಯಿಸದು’ ಎಂದು ಬರೆದುಕೊಟ್ಟರು. ವಿಮೆಯವರು ‘ಇದು ವಿದ್ಯುತ್ ಭಾಗದ ಕೆಡುಕು, ಪಾಲಿಸಿಗೆ ಸೇರದು’ ಎಂದರು. ಎರಡು ಊರುಗಳ ಗಡಿಗಳ ನಡುವೆ ಯಾರ ಲೆಕ್ಕಕ್ಕೂ ಸೇರದ ಬೀಳುಭೂಮಿಯಂತೆ ಬ್ಯಾಟರಿಯು ಉಳಿಯಿತು. ವಾಹನದ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಉಪನ್ಯಾಸಕನ ಸಂಬಳಕ್ಕೆ ಇದು ಹಗುರವಾದ ಮಾತಲ್ಲ.

ಇಂಥ ಸಂದರ್ಭದಲ್ಲಿ ಮೊದಲು ವಿಂಗಡಿಸಿಕೊಳ್ಳಬೇಕಾದುದು ಮುಪ್ಪು, ಪೆಟ್ಟು, ಹುಟ್ಟುದೋಷ ಎಂಬ ಮೂರನ್ನು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಕೋಶದಲ್ಲಿ, ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಧನ ವಿದ್ಯುದ್ವಾರದಿಂದ ಹೊರಟು ಎದುರಿನ ಗ್ರಾಫೈಟಿನ ಪದರಗಳಲ್ಲಿ ನೆಲೆಸುತ್ತವೆ. ವಾಹನ ಓಡುವಾಗ ಮರಳಿ ಬರುತ್ತವೆ. ಈ ಹೋಗಿಬರುವಿಕೆಯಲ್ಲಿ ಅಲ್ಪಾಂಶವು ಗ್ರಾಫೈಟಿನ ಮೇಲೆ ಬೆಳೆಯುವ ತೆಳುಪೊರೆಯಲ್ಲಿ ಸಿಕ್ಕಿ ನಷ್ಟವಾಗುತ್ತದೆ. ಬಿಸಿ ಏರಿದಷ್ಟೂ ಪೊರೆಯ ಬೆಳವಣಿಗೆ ಶೀಘ್ರ. ತುಂಬ ಚಾರ್ಜು ಮಾಡಿ ಬಿಸಿಲಿನಲ್ಲಿ ನಿಲ್ಲಿಸಿದ ಬ್ಯಾಟರಿಯು ಓಡದೆಯೂ ಮುದಿಯಾಗುತ್ತದೆ. ಇದು ಸ್ವಭಾವವೇ ಹೊರತು ದೋಷವಲ್ಲ. ಆದಕಾರಣವೇ ಹಲವು ವಾರಂಟಿ ಪತ್ರಗಳು ಮೂಲ ಸಾಮರ್ಥ್ಯದ 70 ಪ್ರತಿಶತಕ್ಕಿಂತ ಕೆಳಗಿಳಿದರೆ ಮಾತ್ರ ಹೊಣೆ ಹೊರುತ್ತವೆ. ಸಾಮರ್ಥ್ಯದ ಮಾತನ್ನೇ ಎತ್ತದೆ ವರ್ಷಗಳನ್ನು ಮಾತ್ರ ಎಣಿಸುವ ಪತ್ರಗಳೂ ಉಂಟು; ಕೊಳ್ಳುವವರು ಅವನ್ನು ಅನುಮಾನದಿಂದ ನೋಡುವುದು ಮೇಲು. ಇನ್ನು, ತಿಂಗಳುಗಟ್ಟಲೆ ಬರಿದಾಗಿ ಬಿಟ್ಟ ಕೋಶದಲ್ಲಿ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಆಮೇಲೆ ಚಾರ್ಜು ಮಾಡುವುದು ಅಪಾಯಕರವಾದುದರಿಂದ ನಿಯಂತ್ರಕ ಮಂಡಲವೇ ಅದನ್ನು ತಡೆದುಬಿಡುತ್ತದೆ. ತಯಾರಕರು ಇದನ್ನು ಬಳಕೆದಾರನ ಅಲಕ್ಷ್ಯವೆನ್ನುತ್ತಾರೆ. ಆದರೆ ಚಾರ್ಜು ಹಿಡಿಯದಿರುವ ಇದೇ ಲಕ್ಷಣ, ಕಾರ್ಖಾನೆಯಲ್ಲಿ ಬೆಸುಗೆ ಸರಿಯಾಗದಿದ್ದರೂ, ಸಮೂಹದಲ್ಲಿ ಒಂದು ಕೋಶ ದುರ್ಬಲವಾಗಿದ್ದರೂ ಕಾಣಿಸಿಕೊಳ್ಳಬಹುದು.

ಯಾವ ಕಾರಣವೆಂದು ಹೇಳಬಲ್ಲ ಸಾಕ್ಷಿ ಯಾವುದು? ಬ್ಯಾಟರಿಯ ನಿಯಂತ್ರಕ ಮಂಡಲವು ವೋಲ್ಟೇಜು, ಉಷ್ಣತೆ ಮೊದಲಾದುವನ್ನು ಅಳೆಯುತ್ತದೆ. ಅನೇಕ ವಾಹನಗಳಲ್ಲಿ ಇದು ದಾಖಲೆಯಾಗಿಯೂ ಉಳಿಯುತ್ತದೆ. ತೊಡಕೆಂದರೆ ಆ ದಾಖಲೆಯನ್ನು ತೆರೆದು ಓದುವ ಸಾಧನವಿರುವುದು ತಯಾರಕರ ಕೈಯಲ್ಲಿ. ಯುದ್ಧದಲ್ಲಿ ಗೆದ್ದವನ ಆಸ್ಥಾನದ ಪ್ರಶಸ್ತಿಯೊಂದೇ ಉಳಿದಿದ್ದರೆ ಇತಿಹಾಸಕಾರನು ಪಡುವ ಪೇಚಾಟವೇ ಇಲ್ಲಿಯದೂ. ಪ್ರಶಸ್ತಿಯು ಸುಳ್ಳೆಂದಲ್ಲ, ಅದನ್ನು ಒರೆಗೆ ಹಚ್ಚಲು ಎದುರು ದಾಖಲೆ ಬೇಕೆಂದಷ್ಟೆ.

ಜಾಹೀರಾತಿನಲ್ಲಿ ಕಾಣುವ ‘ಐಪಿ 67’ ಎಂಬ ಗುರುತಿಗೂ ಎಲ್ಲೆಯುಂಟು. ಆರೆಂಬುದು ಧೂಳಿನಿಂದ ಪೂರ್ಣ ರಕ್ಷಣೆಯನ್ನೂ, ಏಳೆಂಬುದು ಒಂದು ಮೀಟರು ಆಳದ ನೀರಿನಲ್ಲಿ 30 ನಿಮಿಷ ತಡೆಯುವುದನ್ನೂ ಸೂಚಿಸುತ್ತದೆ. ನಮ್ಮ ನೆಲಮಾಳಿಗೆಯ ನೀರು ಆಳದಲ್ಲಿ ಈ ಎಲ್ಲೆಯ ಒಳಗಿದ್ದು, ಕಾಲದಲ್ಲಿ ಅದನ್ನು ಮೀರಿತ್ತು.

ಕಾನೂನಿನ ಕಡೆಯಿಂದ ನೋಡಿದರೆ, ಮಾರಾಟದ ನಿಯಮಗಳು ಮೊದಲು 1872ರ ಕರಾರು ಕಾಯಿದೆಯಲ್ಲಿ ಅಡಕವಾಗಿದ್ದು, 1930ರಲ್ಲಿ ಸರಕು ಮಾರಾಟ ಕಾಯಿದೆಯಾಗಿ ಬೇರ್ಪಟ್ಟವು. ಅದರ 16ನೆಯ ಪ್ರಕರಣದಲ್ಲಿ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿದ್ದರೆ ಸರಕು ಆ ಉದ್ದೇಶಕ್ಕೆ ಒದಗತಕ್ಕದ್ದೆಂಬ ಅಧ್ಯಾಹಾರ ಷರತ್ತಿದೆ; ಆದರೆ 62ನೆಯ ಪ್ರಕರಣವು ಇಂಥ ಷರತ್ತನ್ನು ಒಪ್ಪಂದದಿಂದ ತೆಗೆದುಹಾಕಲೂ ಅವಕಾಶವಿತ್ತಿದೆ. ಸಣ್ಣ ಅಕ್ಷರಗಳ ಬಲ ಅಲ್ಲಿಂದ ಬಂದುದು. ಸಾಮಾನ್ಯ ಗ್ರಾಹಕನಿಗೆ ಹೆಚ್ಚು ಒದಗುವುದು 1986ರ ಗ್ರಾಹಕ ರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದ 2019ರ ಕಾಯಿದೆ. ದೂರನ್ನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ, ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬಹುದು. ಪರೀಕ್ಷೆಯಿಲ್ಲದೆ ದೋಷವು ತಿಳಿಯದಿದ್ದಲ್ಲಿ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲುದು. ತಯಾರಕರ ಮಾತಿಗೆ ಎದುರು ಸಾಕ್ಷಿಯನ್ನು ಒದಗಿಸುವ ಈ ಅಧಿಕಾರವು ಬ್ಯಾಟರಿಯ ವಿವಾದಗಳಲ್ಲಿ ಬಹು ಮುಖ್ಯವಾದುದು.

ವಿಮೆಯ ಸ್ಥಿತಿ ಬೇರೆ. ವಾಹನದ ಸ್ವಂತ ಹಾನಿಗೂ ಸೇರಿ ಮಾಡಿಸಿದ ಪಾಲಿಸಿಯಲ್ಲಿ ಪ್ರವಾಹವು ಹೆಸರಿಸಿದ ಆಪತ್ತುಗಳಲ್ಲೊಂದು. ಸವಕಳಿ ಮತ್ತು ವಿದ್ಯುತ್ ಕೆಡುಕು ಹೊರಗಿಟ್ಟವು. ಕೆಡುಕಿಗೆ ಪ್ರವಾಹವೇ ಕಾರಣವೆಂದು ತೋರಿಸಿದರೆ ವಿಮೆಯ ಬಾಗಿಲು, ಅಲ್ಲವೆಂದು ತೋರಿಸಿದರೆ ವಾರಂಟಿಯ ಬಾಗಿಲು ತೆರೆಯಬೇಕು, ಎರಡೂ ಮುಚ್ಚುವಂತಿಲ್ಲ. ಗಂಟೆಗೆ 25 ಕಿಲೋಮೀಟರು ಮೀರದ, 250 ವ್ಯಾಟಿನೊಳಗಿನ ವಾಹನಗಳಿಗೆ ನೋಂದಣಿಯ ಕಡ್ಡಾಯವಿಲ್ಲದ್ದರಿಂದ ಅವಕ್ಕೆ ಅನೇಕರು ವಿಮೆಯನ್ನೇ ಮಾಡಿಸುವುದಿಲ್ಲ. ನಮ್ಮ ವಿದ್ಯಾರ್ಥಿಗಳಲ್ಲಿ ಇಂಥ ವಾಹನದವರು ಇದನ್ನು ಗಮನಿಸಬೇಕು.

ನನ್ನ ನೆರವಿಗೆ ಬಂದುದು ಒಂದು ತುಂಡು ಕಾಗದ. ಮಳೆಗೆ ಎರಡು ತಿಂಗಳ ಹಿಂದೆ, ಚಾರ್ಜು ಅರ್ಧಕ್ಕೇ ನಿಲ್ಲುತ್ತದೆಂದು ನಾನು ದೂರಿದ್ದಾಗ ಮೆಕ್ಯಾನಿಕನು ತನ್ನ ಕೈಯಲ್ಲಿ ಬರೆದು ತಾರೀಖು ಹಾಕಿದ್ದ ಜಾಬ್ ಕಾರ್ಡು ಅದು. ಅದರ ಪ್ರತಿಯನ್ನೂ, ನೀರು ನಿಂತ ಮಟ್ಟದ ಛಾಯಾಚಿತ್ರವನ್ನೂ ಲಗತ್ತಿಸಿ, ಬ್ಯಾಟರಿಯನ್ನು ನನ್ನ ಎದುರಿನಲ್ಲಿ ತೆರೆಯಬೇಕೆಂದೂ ದಾಖಲೆಯ ಪ್ರತಿಯನ್ನು ಕೊಡಬೇಕೆಂದೂ ಬರೆದೆ. ನೆನೆದ ಬ್ಯಾಟರಿಯನ್ನು ಮನೆಯಲ್ಲಿ ಚಾರ್ಜಿಗೆ ಹಾಕಲಿಲ್ಲ, ಬಿಚ್ಚಿಸಲೂ ಇಲ್ಲ. ಹಾಕಿದರೆ ಬೆಂಕಿಯ ಭಯ. ಬಿಚ್ಚಿದರೆ ಮುದ್ರೆ ಒಡೆದು ಸಾಕ್ಷ್ಯವೇ ನಾಶ. ಮೂರು ವಾರಗಳ ಮೇಲೆ ತೆರೆದಾಗ ಒಳಗೆ ನೀರಿನ ಗುರುತಿರಲಿಲ್ಲ. ಕೋಶಗಳ ಒಂದು ಸಾಲು ಮಾತ್ರ ಸತ್ತಿತ್ತು. ಬ್ಯಾಟರಿಯನ್ನು ಬದಲಾಯಿಸಿಕೊಟ್ಟರು. ಹೊಸ ಬ್ಯಾಟರಿಗೆ ಹಳೆಯದರ ಉಳಿದ ಅವಧಿಯಷ್ಟೇ ವಾರಂಟಿ ಸಲ್ಲುವುದೆಂಬ ಸಾಲನ್ನು ಪತ್ರದ ಹನ್ನೊಂದನೆಯ ಪುಟದಲ್ಲಿ ಅಂದು ಮೊದಲ ಬಾರಿಗೆ ಓದಿದೆ.