ಸಾಲದ ಹೊರೆ ಮತ್ತು ಗೋಪ್ಯ ಹುದ್ದೆಯ ಹೊಣೆ

ರಕ್ಷಣಾ ಕಾರ್ಯಾಲಯ, ಸಂಶೋಧನಾಲಯ, ಸಚಿವಾಲಯ ಮುಂತಾದೆಡೆ ಗೋಪ್ಯ ಕಡತಗಳನ್ನು ನಿರ್ವಹಿಸುವವರ ವಿಶ್ವಾಸಾರ್ಹತೆಯನ್ನು ಪರಿಶೀಲಿಸುವಾಗ ಅವರ ಹಣಕಾಸಿನ ಸ್ಥಿತಿಯೂ ಗಮನಕ್ಕೆ ಬರುತ್ತದೆ. ಖಾಸಗಿ ಸಾಲ ಸರ್ಕಾರಕ್ಕೆ ಏಕೆ ಸಂಬಂಧಿಸಬೇಕೆಂಬ ಪ್ರಶ್ನೆ ಸಹಜವೇ. ತೀರಿಸಲಾಗದ ಸಾಲದಲ್ಲಿರುವವನನ್ನು ಹಣದ ಆಮಿಷಕ್ಕೂ ಬೆದರಿಕೆಗೂ ಒಳಪಡಿಸುವುದು ಸುಲಭವೆಂಬುದೇ ಇದಕ್ಕೆ ಕಾರಣ.

ಇದು ಬರಿಯ ಊಹೆಯಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ.ಯ ಅಧಿಕಾರಿ ಆಲ್ಡ್ರಿಚ್ ಏಮ್ಸ್ ವಿವಾಹ ವಿಚ್ಛೇದನದ ಸಂದರ್ಭದಲ್ಲಿ ಸಾಲದಲ್ಲಿ ಸಿಲುಕಿ, 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ರಹಸ್ಯಗಳನ್ನು ಮಾರತೊಡಗಿದನು. 1994ರ ಫೆಬ್ರವರಿಯಲ್ಲಿ ಬಂಧಿತನಾಗುವವರೆಗೂ ಆ ವ್ಯವಹಾರ ನಡೆಯಿತು. ಸಂಬಳಕ್ಕೆ ಮೀರಿದ ಮನೆ, ಕಾರುಗಳು ಸಹೋದ್ಯೋಗಿಗಳ ಕಣ್ಣಿಗೆ ಬಿದ್ದಿದ್ದರೂ ಬಹುಕಾಲ ಯಾರೂ ಗಟ್ಟಿಯಾಗಿ ವಿಚಾರಿಸಲಿಲ್ಲ.

ಭಾರತದಲ್ಲಿ ಈ ವಿಷಯಕ್ಕೆ ಆಧಾರವಾಗಿರುವುದು ಕೇಂದ್ರ ನಾಗರಿಕ ಸೇವೆಗಳ ನಡತೆ ನಿಯಮಗಳು, 1964. ರೂಢಿಗತ ಸಾಲಗಾರಿಕೆಗೂ ದಿವಾಳಿತನಕ್ಕೂ ಎಡೆಗೊಡದಂತೆ ನೌಕರನು ತನ್ನ ಖಾಸಗಿ ವ್ಯವಹಾರಗಳನ್ನು ನಡೆಸಿಕೊಳ್ಳತಕ್ಕದ್ದೆಂದು ಅದರ 17ನೆಯ ನಿಯಮ ವಿಧಿಸುತ್ತದೆ. ಸಾಲ ವಸೂಲಿಗಾಗಲಿ, ದಿವಾಳಿಯೆಂದು ಘೋಷಿಸಲಾಗಲಿ ಅವನ ಮೇಲೆ ಕಾನೂನು ಕ್ರಮ ಆರಂಭವಾದರೆ ಅದರ ಪೂರ್ಣ ವಿವರವನ್ನು ಒಡನೆಯೇ ಸರ್ಕಾರಕ್ಕೆ ವರದಿ ಮಾಡಬೇಕು. ಸಾಲವು ಸಾಮಾನ್ಯ ಎಚ್ಚರಿಕೆಯಿಂದ ಮುಂಗಾಣಲಾಗದ ಅಥವಾ ಕೈಮೀರಿದ ಪರಿಸ್ಥಿತಿಯಿಂದ ಬಂದದ್ದು, ದುಂದುಗಾರಿಕೆಯಿಂದಲ್ಲ ಎಂದು ರುಜುವಾತುಪಡಿಸುವ ಭಾರವೂ ನೌಕರನದೇ. ಆದುದರಿಂದ ಆಸ್ಪತ್ರೆಯ ಬಿಲ್ಲುಗಳು, ಕಂತು ಕಟ್ಟಿದ ರಸೀದಿಗಳು, ಸಾಲದಾತರೊಡನೆ ನಡೆಸಿದ ಪತ್ರವ್ಯವಹಾರ ಇವುಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಬ್ಯಾಂಕಿನಿಂದ ಗೃಹಸಾಲ ಪಡೆದು ಕಂತುಗಳನ್ನು ಸಕಾಲಕ್ಕೆ ಕಟ್ಟುವುದು ದೋಷವಲ್ಲ. ಆದರೆ ತನ್ನ ಅಧಿಕಾರ ವ್ಯಾಪ್ತಿಯೊಳಗಿನವರಿಂದ ಅಥವಾ ಕಚೇರಿ ಸಂಬಂಧ ಬರಬಹುದಾದವರಿಂದ ಸಾಲ ಪಡೆಯುವುದನ್ನು 16ನೆಯ ನಿಯಮ ನಿಷೇಧಿಸುತ್ತದೆ. ಕುಟುಂಬದವರ ಮೂಲಕ ಪಡೆದರೂ ಅಷ್ಟೇ. ಗುತ್ತಿಗೆದಾರನ ಬಿಲ್ಲು ಪರಿಶೀಲಿಸುವ ಗುಮಾಸ್ತನು ಅವನಿಂದ ಮಗಳ ಮದುವೆಗೆ ಹಣ ಪಡೆದರೆ, ಹಿಂತಿರುಗಿಸುವ ಉದ್ದೇಶ ಎಷ್ಟೇ ಪ್ರಾಮಾಣಿಕವಾಗಿದ್ದರೂ ನಿಯಮ ಮುರಿದಂತೆಯೇ. ಬಂಧುಗಳು ಅಥವಾ ಆಪ್ತಮಿತ್ರರಿಂದ ಬಡ್ಡಿಯಿಲ್ಲದ ಅಲ್ಪ ಮೊತ್ತದ ತಾತ್ಕಾಲಿಕ ಕೈಸಾಲಕ್ಕೆ ಅವಕಾಶವುಂಟು.

ಹಲವರು ಎಡವುವುದು ಜಾಮೀನಿನ ವಿಷಯದಲ್ಲಿ. ಊರಿನವನೆಂಬ ವಿಶ್ವಾಸದಿಂದ, ಪರಸ್ಥಳದಲ್ಲಿ ಜೊತೆಗಿರುವವನೆಂಬ ದಾಕ್ಷಿಣ್ಯದಿಂದ ಸಹಿ ಹಾಕುವುದುಂಟು. 1872ರ ಕರಾರು ಅಧಿನಿಯಮದ ಪ್ರಕಾರ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಚೀಟಿ ಎತ್ತಿದವನು ಕಂತು ನಿಲ್ಲಿಸಿದರೆ ದಾವೆಯ ನೋಟಿಸು ಜಾಮೀನುದಾರನ ಮನೆಗೂ ಬರುತ್ತದೆ. ಆಗ ಅದನ್ನು ಮೇಜಿನ ಖಾನೆಗೆ ತಳ್ಳಿ ಸುಮ್ಮನಿರುವುದು ಅತ್ಯಂತ ಕೆಟ್ಟ ಮಾರ್ಗ. ಮುಂದೆ ಸಂಬಳದ ಜಫ್ತಿ ಆದೇಶ ಕಚೇರಿಗೇ ಬಂದಾಗ ಸಾಲದ ಜೊತೆಗೆ ಮುಚ್ಚಿಟ್ಟ ದೋಷವೂ ಸೇರಿಕೊಳ್ಳುತ್ತದೆ. ಗೋಪ್ಯ ಕೆಲಸದ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಹಾನಿಕರ. ಮುಚ್ಚಿಟ್ಟ ಸಂಗತಿಯೇ ಬೆದರಿಸುವವನ ಆಯುಧ.

ಜಫ್ತಿಗೂ ಮಿತಿಯುಂಟು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣದಂತೆ, ಜೀವನಾಂಶದ ಡಿಕ್ರಿಗಳ ಹೊರತು, ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಭಾಗವನ್ನು ಮುಟ್ಟುವಂತಿಲ್ಲ. ವಿನಾಯಿತಿ ಪಡೆದ ಭತ್ಯೆಗಳನ್ನು ಬಿಟ್ಟು ಸಂಬಳ 61,000 ರೂಪಾಯಿ ಇದ್ದರೆ ತಿಂಗಳಿಗೆ ಹೆಚ್ಚೆಂದರೆ 20,000 ರೂಪಾಯಿ ಕಡಿತವಾಗಬಹುದು. ಒಟ್ಟು 24 ತಿಂಗಳು ಜಫ್ತಿಯಾದ ಬಳಿಕ 12 ತಿಂಗಳ ಬಿಡುವು ದೊರೆಯುತ್ತದೆ. ಜಫ್ತಿ ಒಂದೇ ಡಿಕ್ರಿಗಾಗಿ ನಡೆದಿದ್ದರೆ ಆ ಡಿಕ್ರಿಗೆ ಮತ್ತೆ ಸಂಬಳ ಹಿಡಿಯುವಂತಿಲ್ಲ.

ಸಾಮಾನ್ಯ ಭವಿಷ್ಯ ನಿಧಿಯಲ್ಲಿರುವವರು ಕಾಯಿಲೆ, ವಿದ್ಯಾಭ್ಯಾಸ, ಮದುವೆಗಳಿಗೆ ಆ ನಿಧಿಯಿಂದ ಮುಂಗಡ ಪಡೆಯಬಹುದು. 2004ರ ಜನವರಿ 1ರಿಂದ ಸೇರಿದ ಬಹುಪಾಲು ನೌಕರರಿಗೆ ಈ ನಿಧಿ ಇಲ್ಲ. ಇನ್ನೊಂದು ಮಾತು: ಹಿಂದೆ ನಿರ್ದೋಷವಾಗಿದ್ದ ಸಾಲವೂ ವರ್ಗಾವಣೆಯಿಂದ ನಿಯಮಬಾಹಿರವಾಗಬಹುದು. ಸಾಲ ಕೊಟ್ಟವರೊಡನೆ ಹೊಸ ಹುದ್ದೆಯಲ್ಲಿ ವ್ಯವಹರಿಸಬೇಕಾಗಿ ಬಂದರೆ, ಆ ಸಂಗತಿಯನ್ನೂ ಕೂಡಲೇ ಬರವಣಿಗೆಯಲ್ಲಿ ತಿಳಿಸಿ ಮೇಲಧಿಕಾರಿಯ ಆದೇಶದಂತೆ ನಡೆಯತಕ್ಕದ್ದು.